ಹುಲಿಯ ಎತ್ತರಕ್ಕೆ ಕಟ್ಟಿದ ಕ್ಯಾಮೆರಾ

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ಇಪ್ಪತ್ತೆರಡು ವರ್ಷ ನಾನು ಫೋಟೊ ಸ್ಟುಡಿಯೊ ನಡೆಸಿದ ಮಳಿಗೆಯಲ್ಲಿ ಈಗ ಸಿಸಿ ಕ್ಯಾಮೆರಾ ಮಾರುತ್ತಾರೆ. ಹಿಂದಿನ ಕೋಣೆಯ ಗೋಡೆಗೆ ಗೆದ್ದಲು ಹತ್ತಿದೆ ಎಂದು ಬಾಡಿಗೆಯವನು ಫೋನು ಮಾಡಿದ್ದಕ್ಕೆ ಮೊನ್ನೆ ನೋಡಲು ಹೋಗಿದ್ದೆ. ಬಾಗಿಲ ಪಕ್ಕ ನನ್ನ ಗಾಜಿನ ಶೋಕೇಸು ಇದ್ದ ಜಾಗದಲ್ಲಿ ಅವನು ಒಂದು ಟಿವಿ ಕೂರಿಸಿದ್ದಾನೆ. ರಸ್ತೆಯಲ್ಲಿ ಹೋಗುವವರೆಲ್ಲ ಅದರೊಳಗೆ ಹೋಗುತ್ತಿರುತ್ತಾರೆ. ನಾನು ಮೆಟ್ಟಿಲು ಹತ್ತುವಾಗ ಅದರಲ್ಲೂ ಒಬ್ಬ ಬೋಳುತಲೆಯ ಮುದುಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದ. ಯಾರಪ್ಪ ಇವನು ಎಂದು ನೋಡಿದರೆ ನಾನೇ.

"ನೋಡಿ ಮಂಜಣ್ಣ, ನೀವೂ ಟಿವೀಲಿ ಬಂದ್ರಿ!" ಎಂದು ಬಾಡಿಗೆಯವನು ನಕ್ಕ. ನನಗೆ ನಗು ಬರಲಿಲ್ಲ. ಹಿಂದಿನ ಕೋಣೆಯ ಬಾಗಿಲು ತೆಗೆದಾಗ ಹೈಪೊ ವಾಸನೆ ಮುಖಕ್ಕೆ ಹೊಡೆಯಿತು. ಕಪ್ಪು ಬಿಳುಪು ಫೋಟೊ ತೊಳೆಯುವ ದ್ರಾವಣ ಅದು. ತೊಟ್ಟಿಯ ಸಿಮೆಂಟು ಅದನ್ನು ಎಷ್ಟು ಕುಡಿದಿತ್ತೆಂದರೆ, ಇಷ್ಟು ವರ್ಷ ಮುಚ್ಚಿದ್ದರೂ ಬಿಟ್ಟಿರಲಿಲ್ಲ. ಆ ವಾಸನೆಯ ಜೊತೆಗೇ ಎರಡು ಸಾವಿರದ ನಾಲ್ಕರ ಬೇಸಿಗೆಯೂ ಬಂತು. ಗೆದ್ದಲು ನೋಡದೆಯೇ ಬಾಗಿಲು ಹಾಕಿಕೊಂಡು ಬಂದೆ.

ಆ ಬೇಸಿಗೆ ಮದುವೆಗಳ ಹಂಗಾಮು ಜೋರಾಗಿತ್ತು. ಮಾರ್ಚಿನಲ್ಲೇ ಕಾಡು ಒಣಗಿ ಗರಿಗರಿಯಾಗಿ, ನಡೆದರೆ ಉದುರಿದ ದರಗೆಲೆ ಹಪ್ಪಳದಂತೆ ಮುರಿಯುತ್ತಿತ್ತು. ಬಣ್ಣದ ರೋಲುಗಳನ್ನು ತೊಳೆಯುವ ಯಂತ್ರ ಕೊಪ್ಪದಲ್ಲಿ ನನ್ನ ಹತ್ತಿರ ಇರಲಿಲ್ಲ. ಬೆಳಿಗ್ಗೆ ಶಿವಮೊಗ್ಗದ ಬಸ್ಸಿನ ಕಂಡಕ್ಟರ ಕೈಗೆ ರೋಲುಗಳ ಚೀಲ ಕೊಟ್ಟರೆ ಮರುದಿನ ಸಂಜೆ ಫೋಟೊಗಳ ಲಕೋಟೆ ಬರುತ್ತಿತ್ತು. ಲಕೋಟೆ ಒಡೆದು, ಒಂದೊಂದನ್ನೇ ನೋಡಿ, ಕೆಟ್ಟದ್ದನ್ನು ಬದಿಗಿಟ್ಟು ಗಿರಾಕಿಗೆ ಕೊಡುವುದು ನನ್ನ ಪದ್ಧತಿ. ಹಾಗಾಗಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕಿನ ಮುಖಗಳು ನನ್ನ ಬೆರಳ ಮೇಲೆ ಹಾದುಹೋಗುತ್ತಿದ್ದವು. ಒಮ್ಮೆ ಕಂಡ ಮುಖ ಮರೆಯುವುದಿಲ್ಲ ಎಂಬ ಜಂಬ ನನಗಿತ್ತು. ಈಗ ಆ ಜಂಬದ ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆ ವರ್ಷ ಒಬ್ಬ ಹೊಸ ಗಿರಾಕಿ ಬಂದರು. ಕಾಡಿನಲ್ಲಿ ಹುಲಿ ಎಣಿಸುವ ಕೆಲಸ ಅವರದ್ದು. ಹೆಸರು ಬೇರೆ ಇತ್ತು, ನಾನು ಮಾತ್ರ ಹುಲಿ ಮೇಷ್ಟ್ರು ಎಂದೇ ಕರೆಯುತ್ತಿದ್ದೆ. ಕಿಗ್ಗದ ಮೇಲಿನ ಕಾಡಿನಲ್ಲಿ ಪ್ರಾಣಿಗಳು ಓಡಾಡುವ ದಾರಿಯ ಪಕ್ಕ, ಮರಗಳಿಗೆ ಅವರು ಕ್ಯಾಮೆರಾ ಕಟ್ಟಿದ್ದರು. ಎಲೆಬಣ್ಣದ ಡಬ್ಬಿ. ಎದುರಿಗೆ ಬಿಸಿ ಮೈಯೊಂದು ಅಲುಗಿದರೆ ತಾನಾಗಿಯೇ ಫೋಟೊ ತೆಗೆಯುತ್ತದೆ. ಮೂಲೆಯಲ್ಲಿ ಕೆಂಪು ಅಂಕಿಯಲ್ಲಿ ತಾರೀಕು, ಗಂಟೆ, ನಿಮಿಷ ಅಚ್ಚಾಗುತ್ತದೆ. ಹಗಲಲ್ಲಿ ಬೆಳಕೂ ಚಿಮ್ಮುವುದಿಲ್ಲ. ಒಂದು ಸಣ್ಣ ಕಿರ್ ಸದ್ದು, ಜೀರುಂಡೆಗಳ ನಡುವೆ ಅದು ಯಾರಿಗೆ ಕೇಳಬೇಕು?

ಮೊದಲ ದಿನವೇ ಅವರು ಹೇಳಿದ್ದರು. "ಮಂಜಣ್ಣ, ಒಂದು ವಿಷಯ. ದರಗು ಗುಡಿಸೋರು, ಸೀಗೆಕಾಯಿ ಕೊಯ್ಯೋರು ಯಾರಾದ್ರೂ ಅದರಲ್ಲಿ ಬಂದೇ ಬರ್ತಾರೆ. ಚೆಕ್‌ಪೋಸ್ಟಲ್ಲಿ ಚೀಟಿ ಅಂಟಿಸಿದೀವಿ, ಆದ್ರೆ ಎಲ್ರೂ ಓದಿರೋದಿಲ್ಲ. ಮನುಷ್ಯರ ಫೋಟೊ ಯಾರಿಗೂ ತೋರಿಸ್ಬೇಡಿ. ನಾವೂ ಹರಿದು ಹಾಕ್ತೀವಿ."

"ನಂಗೆಂತಕ್ಕೆ ಮೇಷ್ಟ್ರೆ ಅದೆಲ್ಲ," ಎಂದೆ.

ಮೊದಲೆರಡು ರೋಲುಗಳಲ್ಲಿ ಕಡವೆ, ಮುಳ್ಳುಹಂದಿ, ಒಂದು ಚಿರತೆಯ ಹಿಂಭಾಗ. ನಡುವೆ ಕೆಲವದರಲ್ಲಿ ಯಾರದ್ದೋ ಸೀರೆಯ ಅಂಚು, ಬೆನ್ನು, ಬಿಚ್ಚಿದ ಕೂದಲು. ಗಮನಿಸಲಿಲ್ಲ. ಮೂರನೆಯ ರೋಲು ಬಂದ ಸಂಜೆ ಒಂದು ಫೋಟೊ ಕೈಗೆ ಬಂತು, ಅಲ್ಲೇ ನಿಂತುಬಿಟ್ಟೆ.

ಹೊಳೆಬದಿಯ ಚಪ್ಪಟೆ ಬಂಡೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಹುಲಿಯ ಎತ್ತರಕ್ಕೆ ಕಟ್ಟಿದ ಕ್ಯಾಮೆರಾ, ಕೂತ ಮನುಷ್ಯರ ಮುಖ ಸರಿಯಾಗಿ ಅದೇ ಎತ್ತರಕ್ಕೆ ಬರುತ್ತದೆ. ಮರದ ಸಂದಿನ ಬಿಸಿಲು ಅವಳ ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಅವಳು ನಗುತ್ತಿದ್ದಳು. ಯಾರಿಗೋ ತೋರಿಸುವ ನಗುವಲ್ಲ. ಒಳಗೆ ಏನೋ ನೆನಪಾಗಿ ತಡೆಯಲಾಗದೆ ಹೊರಗೆ ಬಂದ ನಗು.

ಅದು ಸುಮಿತ್ರಾ. ಕಿಗ್ಗದ ಉಮೇಶನ ಹೆಂಡತಿ. ಹತ್ತು ವರ್ಷ ಹಿಂದೆ ನರಸಿಂಹರಾಜಪುರದಲ್ಲಿ ಅವರ ಮದುವೆಯ ಫೋಟೊ ತೆಗೆದವನು ನಾನೇ. ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಬೆನ್ನು ನೆಟ್ಟಗೆ ಮಾಡಿಸಿ, ಎರಡೂ ಕೈ ಮೊಣಕಾಲ ಮೇಲೆ ಇಡಿಸಿ, ಗದ್ದ ತುಸು ಎಡಕ್ಕೆ ತಿರುಗಿಸಿ, "ಸ್ವಲ್ಪ ನಗಮ್ಮ" ಎಂದು ಗೋಗರೆದಿದ್ದೆ. ಎಂಟು ರೋಲು ಮುಗಿದರೂ ಅವಳು ನಗಲಿಲ್ಲ. ಆ ಆಲ್ಬಮ್ಮು ನನ್ನ ಕಸುಬಿಗೆ ಆದ ಅವಮಾನ ಎಂದೇ ತಿಳಿದಿದ್ದೆ. ನನ್ನಿಂದಾಗದ್ದನ್ನು ಮರಕ್ಕೆ ಕಟ್ಟಿದ ಡಬ್ಬಿ ಮಾಡಿತ್ತು.

ಮೇಷ್ಟ್ರಿಗೆ ರೋಲು ಕೊಡುವ ಮೊದಲು ಆ ನೆಗೆಟಿವನ್ನು ಮತ್ತೆ ಶಿವಮೊಗ್ಗಕ್ಕೆ ಕಳಿಸಿ ಎಂಟು ಹತ್ತು ಸೈಜಿಗೆ ದೊಡ್ಡದು ಮಾಡಿಸಿದೆ. ಚೌಕಟ್ಟು ಹಾಕಿ ಶೋಕೇಸಿನ ನಡುವಿಗೆ ಇಟ್ಟೆ. ಮೂಲೆಯ ಕೆಂಪು ಅಂಕಿಯನ್ನು ಕತ್ತರಿಸಬಹುದಿತ್ತು. ಹೊಸ ಕಾಲದ ಫೋಟೊ ಅನ್ನಿಸಲಿ ಎಂದು ಬಿಟ್ಟೆ.

ಕೇಳದೆ ಹಾಕಿದೆ ಅಂತ ಈಗ ಯಾರಾದರೂ ಬೈಯಬಹುದು. ಆಗ ಯಾರೂ ಕೇಳುತ್ತಿರಲಿಲ್ಲ. ಶೋಕೇಸಿನಲ್ಲಿ ಮನೆಯವರ ಫೋಟೊ ಬಂತೆಂದರೆ ಅದೊಂದು ಮರ್ಯಾದೆ. ಬಸ್ಸಿಗೆ ಕಾಯುವವರೆಲ್ಲ ನಿಂತು ನೋಡುತ್ತಿದ್ದರು. ಹಳೆಯದನ್ನು ತೆಗೆದು ಹೊಸದು ಇಟ್ಟರೆ, "ನಮ್ಮ ಕೂಸಿನ ಫೋಟೊ ಎಂತಕ್ಕೆ ತೆಗ್ದ್ರಿ ಮಾರಾಯ್ರೆ?" ಎಂದು ಜಗಳಕ್ಕೆ ಬರುತ್ತಿದ್ದರು. ಸುಮಿತ್ರಳಿಗೂ ಅವಳ ಮನೆಯವರಿಗೂ ಖುಷಿಯಾಗುತ್ತದೆ ಎಂದೇ ನಾನು ನಂಬಿದ್ದೆ. ದೇವರಾಣೆಗೂ ಹಾಗೇ ನಂಬಿದ್ದೆ.

ನಾಲ್ಕನೆಯ ದಿನ ಉಮೇಶ ಜೀಪಿನ ಯಾವುದೋ ಕಾಗದಕ್ಕೆ ಕೊಪ್ಪಕ್ಕೆ ಬಂದಿದ್ದ. ಶೋಕೇಸಿನ ಎದುರು ನಿಂತಿದ್ದನ್ನು ನಾನೇ ಒಳಗಿಂದ ಕಂಡು ಓಡಿಹೋದೆ.

"ಹೆಂಗಿದೆ ಉಮೇಶಣ್ಣ?"

ಅವನ ಮುಖ ಅರಳಿತ್ತು. "ಇವ್ಳು ನಗೋದನ್ನ ನಾನೇ ನೋಡಿಲ್ಲ ಮಾರಾಯ್ರೆ! ಎಲ್ಲಿ ತೆಗ್ದಿದ್ದು?"

"ನಾನಲ್ಲ, ಹುಲಿ ಕ್ಯಾಮೆರಾ! ನಿಮ್ಮೂರ ಮೇಲಿನ ಕಾಡಲ್ಲಿ, ಹೊಳೆ ಹತ್ರ."

ಇಬ್ಬರೂ ನಕ್ಕೆವು. ಆಮೇಲೆ ಅವನು ಬಗ್ಗಿ ಮೂಲೆಯ ಅಂಕಿ ಓದಿದ. ಹದಿನೆಂಟನೇ ತಾರೀಕು, ಮೂರು ಗಂಟೆ ಹದಿನೇಳು ನಿಮಿಷ. ಬೆರಳು ಮಡಚಿ ಏನೋ ಲೆಕ್ಕ ಹಾಕಿದ.

"ಹದಿನೆಂಟು ಗುರುವಾರ. ಗುರುವಾರ ಇವ್ಳು ಶೃಂಗೇರೀಲಿ ಟೈಲರಿಂಗ್ ಕ್ಲಾಸಲ್ಲಿ ಇರ್ತಾಳೆ ಮಂಜಣ್ಣ. ಎರಡರಿಂದ ನಾಲ್ಕು."

ನನಗೆ ಆಗಲೂ ಹೊಳೆಯಲಿಲ್ಲ.

"ಇದರ ಗಡಿಯಾರ ತಪ್ಪಿರ್ಬೇಕು ಅಲ್ವಾ?" ಎಂದು ಅವನು ಕೇಳಿದ. ಅವನೇ ದಾರಿ ತೋರಿಸಿದ್ದ. ಹೌದು ತಪ್ಪಿದೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವನಿಗೂ ಅದೇ ಬೇಕಿತ್ತು ಅಂತ ಈಗ ಅನ್ನಿಸುತ್ತದೆ.

"ತಪ್ಪೋದಾ? ಜಪಾನಿನ ಕ್ಯಾಮೆರಾ ಮಾರಾಯ, ಒಂದು ನಿಮಿಷ ಆಚೀಚೆ ಆಗೋದಿಲ್ಲ," ಎಂದೆ ನಾನು. ನನ್ನ ಅಂಗಡಿಯಲ್ಲಿ ನಿಂತು ಕ್ಯಾಮೆರಾವನ್ನು ಯಾರಾದರೂ ಅನುಮಾನಿಸಿದರೆ ನನಗೆ ಸಹಿಸಲಾಗುತ್ತಿರಲಿಲ್ಲ. ಅವನು ಚಹಾ ಬೇಡ ಎಂದು ಹೇಳಿ ಹೋದ.

ಉಮೇಶ ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈಮಾಡುವವನಲ್ಲ. ಮನೆಗೆ ಹೋಗಿ ಕೇಳಿದ್ದಾನೆ, ಅವಳು ಮೊದಲು ಸುಳ್ಳು ಹೇಳಿ, ಆಮೇಲೆ ಹೌದು ಅಂದಿದ್ದಾಳೆ. ಕ್ಲಾಸಿಗೆ ಎರಡು ತಿಂಗಳಿಂದ ಹೋಗಿಯೇ ಇಲ್ಲ, ಗುರುವಾರ ಶೃಂಗೇರಿಗೆಂದು ಹೊರಟು ಕಾಡಿನ ದಾರಿ ಹಿಡಿದು ಬಂಡೆಯ ಮೇಲೆ ಕೂತು ಬರುತ್ತಿದ್ದೆ ಎಂದಿದ್ದಾಳೆ. ಯಾರ ಜೊತೆ? ಯಾರ ಜೊತೆಗೂ ಅಲ್ಲ. ಹಾಗಾದರೆ ಯಾತಕ್ಕೆ? ಸುಮ್ಮನೆ. ಆ "ಸುಮ್ಮನೆ"ಯನ್ನು ಆ ಮನೆಯ ಏಳು ಜನರಲ್ಲಿ ಒಬ್ಬರೂ ನಂಬಲಿಲ್ಲ. ಊರೂ ನಂಬಲಿಲ್ಲ. ನಾನು ಫೋಟೊವನ್ನು ಶೋಕೇಸಿನಿಂದ ತೆಗೆದು ಒಳಗಿಡುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ಅರ್ಧ ಜನ ಅದನ್ನು ನೋಡಿ ಆಗಿತ್ತು. ಆ ನಗುವಿಗೆ ಒಬ್ಬ ಗಂಡಸನ್ನು ಹುಡುಕುವ ಕೆಲಸ ಎಲ್ಲರಿಗೂ ಸಿಕ್ಕಿತ್ತು.

ಉಮೇಶ ಅವಳಿಗೊಂದು ಮೊಬೈಲ್ ಕೊಡಿಸಿದ. ಕಿಗ್ಗದಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ, ಶೃಂಗೇರಿಯಲ್ಲಿ ಸಿಗುತ್ತಿತ್ತು. ಅವನಿಗೆ ಅಷ್ಟು ಸಾಕಿತ್ತು. ಗುರುವಾರ ಎರಡು ಗಂಟೆಯಿಂದ ನಾಲ್ಕರವರೆಗೆ ಹದಿನೈದು ನಿಮಿಷಕ್ಕೊಮ್ಮೆ ಕರೆ ಮಾಡುತ್ತಿದ್ದ. "ಎಲ್ಲಿದ್ದಿ?" "ಕ್ಲಾಸಲ್ಲಿ." "ಮಿಷನ್ ಸದ್ದು ಕೇಳ್ಸು." ಅವಳು ಫೋನನ್ನು ಹೊಲಿಗೆ ಯಂತ್ರದ ಹತ್ತಿರ ಹಿಡಿದು ಪೆಡಲು ತುಳಿಯಬೇಕು. ಅದನ್ನು ನನಗೆ ಹೇಳಿದವಳು ಅವಳೇ.

ಏಪ್ರಿಲ್ ಮಧ್ಯದಲ್ಲಿ ಒಂದು ಮಧ್ಯಾಹ್ನ ಅಂಗಡಿಗೆ ಬಂದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ಆ ಫೋಟೊ ಒಮ್ಮೆ ತೋರ್ಸಿ ಮಂಜಣ್ಣ. ಊರೆಲ್ಲ ನೋಡಿದೆ, ನಾನೇ ನೋಡಿಲ್ಲ."

ಒಳಗಿಂದ ತಂದುಕೊಟ್ಟೆ. ತುಂಬ ಹೊತ್ತು ನೋಡಿದಳು.

"ನಾ ಹಿಂಗೆ ನಗ್ತೀನಾ?" ಎಂದಳು. ಆಮೇಲೆ, "ನಂಗೆ ಗೊತ್ತಿರ್ಲಿಲ್ಲ."

"ತಪ್ಪಾಯ್ತಮ್ಮ," ಎಂದೆ.

"ಮನೇಲಿ ಏಳು ಜನ ಇದೀವಿ ಮಂಜಣ್ಣ. ಬಚ್ಚಲಲ್ಲಿ ಸ್ವಲ್ಪ ಹೊತ್ತಾದ್ರೂ ಹೊರಗಿಂದ ಹೆಸ್ರು ಹಿಡಿದು ಕೂಗ್ತಾರೆ. ವಾರಕ್ಕೆ ಎರಡು ಗಂಟೆ ಯಾರೂ ಕರೀಬಾರ್ದು ಅನ್ನಿಸ್ತಿತ್ತು. ಅಷ್ಟೇ. ಅದಕ್ಕಿಂತ ಹೆಚ್ಚು ಎಂತದೂ ಇಲ್ಲ."

ಅವಳು ಬಂದದ್ದು ಒಂದು ಬೇಡಿಕೆ ಹಿಡಿದು. ಆ ಕ್ಯಾಮೆರಾದಲ್ಲಿ ಅವಳ ಬೇರೆ ಫೋಟೊಗಳೂ ಇರಬೇಕು, ಅಲ್ಲವೇ? ಅವೆಲ್ಲವನ್ನೂ ತರಿಸಿ ಗಂಡನ ಮನೆಯವರಿಗೆ ತೋರಿಸಬೇಕು. "ಒಂದೊಂದೂ ತೋರ್ಸಿ. ನಾ ಒಬ್ಳೇ ಇದ್ದೆ ಅಂತ ಅವ್ರಿಗೆ ಗೊತ್ತಾಗ್ಲಿ. ನಾ ಹೇಳಿದ್ರೆ ನಂಬೋದಿಲ್ಲ, ಕ್ಯಾಮೆರಾ ಹೇಳಿದ್ರೆ ನಂಬ್ತಾರೆ." ಯಾರೂ ನೋಡದ ಜಾಗ ಹುಡುಕಿಕೊಂಡು ಹೋದವಳು, ಇನ್ನಷ್ಟು ತೋರಿಸಿ ಎಂದು ನನ್ನ ಕೌಂಟರಿನ ಮುಂದೆ ನಿಂತು ಕೇಳುತ್ತಿದ್ದಳು. ಅದನ್ನು ಕೇಳುವಂತೆ ಮಾಡಿದವನು ನಾನು.

ಹುಲಿ ಮೇಷ್ಟ್ರು ನನ್ನ ಮೇಲೆ ಕಿಡಿಕಾರಿದರು. ಮನುಷ್ಯರ ಪ್ರಿಂಟುಗಳನ್ನೆಲ್ಲ ಅವರು ಹರಿದು ಹಾಕಿದ್ದರು, ಆದರೆ ನೆಗೆಟಿವ್ ರೋಲುಗಳು ಹಾಗೇ ಇದ್ದವು. "ಒಂದು ತೋರ್ಸಿದ್ದಕ್ಕೇ ಹಿಂಗಾಯ್ತು. ಇನ್ನೂ ತೋರಿಸ್ತೀರಾ?"

"ಅವ್ಳೇ ಕೇಳ್ತಾ ಇದಾಳೆ ಮೇಷ್ಟ್ರೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ನೆಗೆಟಿವ್ ಕೊಟ್ಟರು.

ಒಟ್ಟು ಹನ್ನೊಂದು ಫೋಟೊ. ಒಂದು ಬೆಳಿಗ್ಗೆ ಅಂಗಡಿಯ ಅರ್ಧ ಬಾಗಿಲು ಹಾಕಿ ಕೌಂಟರಿನ ಮೇಲೆ ತಾರೀಕಿನ ಪ್ರಕಾರ ಸಾಲಾಗಿ ಹರಡಿದೆ. ಉಮೇಶ, ಅವನ ಅಣ್ಣ ಬಗ್ಗಿ ನೋಡಿದರು. ಸುಮಿತ್ರಾ ಬಾಗಿಲ ಹತ್ತಿರ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ಒಂದರಲ್ಲಿ ಕೂದಲು ಬಿಚ್ಚಿ ಬಿಸಿಲಿಗೆ ಹರಡಿದ್ದಾಳೆ. ಒಂದರಲ್ಲಿ ಸೀರೆಯನ್ನು ಮೊಣಕಾಲವರೆಗೆ ಎತ್ತಿ ನೀರಿನಲ್ಲಿ ಕಾಲು ಇಳಿಬಿಟ್ಟಿದ್ದಾಳೆ. ಉಪ್ಪು ಹಚ್ಚಿ ಮಾವಿನ ಮಿಡಿ ತಿನ್ನುತ್ತಿದ್ದಾಳೆ, ಹುಳಿಗೆ ಒಂದು ಕಣ್ಣು ಮುಚ್ಚಿದೆ. ಕಣ್ಣ ಮೇಲೆ ತೋಳಿಟ್ಟು ಮಲಗಿದ್ದಾಳೆ. ಒಂದರಲ್ಲಿ ಅಳುತ್ತಿದ್ದಾಳೆ. ಇನ್ನೊಂದರಲ್ಲಿ ಬಾಯಿ ತೆರೆದು, ಕೈ ಎತ್ತಿ, ಎದುರಿಗೆ ಯಾರೋ ಇದ್ದ ಹಾಗೆ ಏನೋ ಹೇಳುತ್ತಿದ್ದಾಳೆ. ಹನ್ನೊಂದರಲ್ಲೂ ಅವಳೊಬ್ಬಳೇ. ಗಂಡನೂ ನೋಡದ ಹೆಂಡತಿ, ಭಾವ ನೋಡಬಾರದ ನಾದಿನಿ, ನನ್ನ ಕೌಂಟರಿನ ಮೇಲೆ ಸಾಲಾಗಿ ಬಿದ್ದಿದ್ದಳು. ನನಗೆ ಕಣ್ಣೆತ್ತಿ ಬಾಗಿಲ ಕಡೆ ನೋಡುವ ಧೈರ್ಯ ಇರಲಿಲ್ಲ.

ಉಮೇಶ ಒಂದೊಂದನ್ನೂ ಎರಡೆರಡು ಸಲ ನೋಡಿದ. ಅವನ ಭುಜ ಸಡಿಲವಾದದ್ದು ನನಗೆ ಕಂಡಿತು. ಬದುಕಿದೆ ಎಂದುಕೊಂಡೆ. ಆಗ ಅವನ ಅಣ್ಣ ಕೈ ಎತ್ತಿದ್ದ ಫೋಟೊದ ಮೇಲೆ ಬೆರಳಿಟ್ಟ.

"ಇಲ್ಲಿ ಯಾರ ಹತ್ರ ಮಾತಾಡ್ತಾ ಇದಾಳೆ?"

"ಯಾರೂ ಇಲ್ಲ. ನೋಡಿ ಬೇಕಾದ್ರೆ," ಎಂದೆ ಆತುರದಿಂದ.

"ಅದೇ ನಾ ಕೇಳಿದ್ದು. ಯಾರೂ ಇಲ್ದೆ ಯಾರ ಹತ್ರ ಮಾತಾಡ್ತಾಳೆ?"

ಹೊರಗೆ ಶೃಂಗೇರಿ ಬಸ್ಸು ಹಾರ್ನ್ ಹಾಕಿತು.

"ನನ್ ಹತ್ರನೇ," ಎಂದಳು ಸುಮಿತ್ರಾ, ತಿರುಗದೆ.

ಅಲ್ಲಿಗೆ ಯಾರೋ ಗಂಡಸಿನ ಜೊತೆಗಿದ್ದಳೆಂಬ ಅನುಮಾನ ಮುಗಿಯಿತು, ಇನ್ನೊಂದು ಶುರುವಾಯಿತು. ಒಬ್ಬಳೇ ಕಾಡಿಗೆ ಹೋಗುತ್ತಾಳೆ, ಒಬ್ಬಳೇ ನಗುತ್ತಾಳೆ, ಅಳುತ್ತಾಳೆ, ಮಾತಾಡುತ್ತಾಳೆ. ಇಷ್ಟು ದಿನ ಬಾಯಿಮಾತಿನ ಆರೋಪ ಇತ್ತು, ಈಗ ತಾರೀಕು ಗಂಟೆ ಸಮೇತ ಪುರಾವೆ ಇತ್ತು. ಉಮೇಶ ಫೋಟೊಗಳನ್ನು ಮೃದುವಾಗಿ ಒಟ್ಟುಮಾಡಿ, "ಡಾಕ್ಟ್ರಿಗೆ ತೋರ್ಸೋಕೆ ಬೇಕಾಗುತ್ತೆ ಮಂಜಣ್ಣ" ಎಂದು ಲಕೋಟೆಯಲ್ಲಿ ಹಾಕಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಹೆಂಡತಿಯ ಮೇಲೆ ಅನುಮಾನಪಟ್ಟೆನಲ್ಲ ಎಂದು ನಿಜವಾಗಿಯೂ ನೊಂದಿದ್ದ. ಅವಳ ತೋಳು ಹಿಡಿದು, ಕಾಯಿಲೆಯವರನ್ನು ನಡೆಸುವ ಹಾಗೆ ಮೆಟ್ಟಿಲು ಇಳಿಸಿದ.

ಶಿವಮೊಗ್ಗದಲ್ಲಿ ತೋರಿಸಿದರು. ಮಾತ್ರೆ ಶುರುವಾಯಿತು. ಕ್ಲಾಸು ಬಿಡಿಸಿದರು. ಆಮೇಲೆ ಅವಳೊಬ್ಬಳನ್ನೇ ಎಲ್ಲಿಗೂ ಕಳಿಸುತ್ತಿರಲಿಲ್ಲವಂತೆ, ದನದ ಕೊಟ್ಟಿಗೆಗೂ ಕೂಡ. ಯಾರಾದರೂ ಒಬ್ಬರು ಜೊತೆಗಿರುತ್ತಿದ್ದರು, ಪ್ರೀತಿಯಿಂದಲೇ.

ಐದು ವರ್ಷ ಕಳೆದ ಮೇಲೆ ನರಸಿಂಹರಾಜಪುರದಲ್ಲಿ ಅವಳ ತವರಿನ ಕಡೆಯ ಒಂದು ಮದುವೆಗೆ ಕ್ಯಾಮೆರಾ ಹಿಡಿದು ಹೋಗಿದ್ದೆ. ಆಗಲೇ ಡಿಜಿಟಲ್ ಬಂದು ನನ್ನಂಥವರ ಕತೆ ಮುಗಿಯುವ ಹೊತ್ತು. ಮಂಟಪದ ಸುತ್ತ ಪ್ರತಿಯೊಬ್ಬರೂ ಮೊಬೈಲು ಎತ್ತಿ ಹಿಡಿದಿದ್ದರು. ಸುಮಿತ್ರಾ ಊಟದ ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದಳು. ಮೈ ಬಂದಿತ್ತು, ಕಣ್ಣು ನಿಧಾನವಾಗಿತ್ತು. ಪಕ್ಕದಲ್ಲಿ ಅತ್ತೆ. ನನ್ನನ್ನು ಗುರುತಿಸಿದಳು.

"ಈಗ ಎಲ್ಲಾ ಕಡೆ ಇದ್ಯಂತೆ, ಅಲ್ವಾ ಮಂಜಣ್ಣ?" ಎಂದಳು.

ಏನು ಎಂದು ನಾನು ಕೇಳಲಿಲ್ಲ. ಹೌದಮ್ಮ ಎಂದೆ. ಆ ದಿನ ಕುಟುಂಬದ ಗುಂಪು ಫೋಟೊ ತೆಗೆಯುವಾಗ ನಾನು ಯಾರಿಗೂ ನಗಿ ಎಂದು ಹೇಳಲಿಲ್ಲ. ಮರುವರ್ಷ ಸ್ಟುಡಿಯೊ ಮುಚ್ಚಿದೆ.

ಆದರೆ ಆ ಬೇಸಿಗೆಯ ಕೊನೆಯ ರೋಲಿನ ವಿಷಯ ಯಾರಿಗೂ ಹೇಳಿಲ್ಲ, ಹುಲಿ ಮೇಷ್ಟ್ರಿಗೂ ಹೇಳಿಲ್ಲ. ಮಳೆ ಹಿಡಿಯುವ ಮೊದಲು ಅವರು ಕ್ಯಾಮೆರಾ ಬಿಚ್ಚಿ ತಂದರು. ಜೂನ್ ಮೊದಲ ವಾರ ಲಕೋಟೆ ಬಂತು. ಕಡವೆ, ಕಡವೆ, ಕಾಡುಕೋಳಿ, ಆಮೇಲೆ ಅವಳು.

ಡಾಕ್ಟರು, ಅವಳಿಗೆ ಇಷ್ಟವಾದದ್ದನ್ನು ಪೂರ್ತಿ ತಪ್ಪಿಸಬೇಡಿ ಅಂದಿದ್ದರಂತೆ. ಅದಕ್ಕೇ ಉಮೇಶ, ನಿನಗೆ ಅಲ್ಲಿ ಕೂರಬೇಕು ಅಂತಿದ್ದರೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು, ಮೇ ಕೊನೆಯಲ್ಲಿ ಜೀಪಿನಲ್ಲಿ ಕಾಡಿನ ಬುಡದವರೆಗೆ ಕರೆದೊಯ್ದು, ಅಲ್ಲಿಂದ ನಡೆಸಿಕೊಂಡು ಹೋಗಿದ್ದ. ಮೂಲೆಯ ಕೆಂಪು ಅಂಕಿ ಗುರುವಾರದ್ದೇ.

ಅದೇ ಬಂಡೆ. ಅವಳು ಕೂತಿದ್ದಾಳೆ. ಕೂದಲು ಬಿಗಿಯಾಗಿ ಗಂಟು ಕಟ್ಟಿದೆ, ಸೆರಗು ಎರಡೂ ಭುಜ ಮುಚ್ಚಿದೆ. ಬೆನ್ನು ನೆಟ್ಟಗಿದೆ. ಎರಡೂ ಕೈ ಮೊಣಕಾಲ ಮೇಲಿವೆ. ಗದ್ದ ತುಸು ಎಡಕ್ಕೆ ತಿರುಗಿದೆ. ಮದುವೆಯ ದಿನ ನಾನು ಕೂರಿಸಿದ್ದ ಹಾಗೆಯೇ, ಒಂದಂಗುಲ ವ್ಯತ್ಯಾಸವಿಲ್ಲದೆ. ಡಬ್ಬಿ ಎಲ್ಲಿದೆ ಎಂದು ಅವಳಿಗೆ ಈಗ ಗೊತ್ತು, ಕಣ್ಣು ನೇರವಾಗಿ ಅದರೊಳಗೆ ನೋಡುತ್ತಿದೆ.

ಅವಳ ಹಿಂದೆ ನಾಲ್ಕು ಮಾರು ದೂರದಲ್ಲಿ ಉಮೇಶ ನಿಂತಿದ್ದಾನೆ, ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಅವಳ ಚಪ್ಪಲಿ. ಆ ಬೇಸಿಗೆಯ ಹನ್ನೆರಡು ಫೋಟೊಗಳಲ್ಲಿ ಅವಳ ಜೊತೆ ಗಂಡಸೊಬ್ಬ ಕಾಣಿಸಿದ್ದು ಅದೊಂದರಲ್ಲೇ.